ಹಿತ್ತಲಿನ ಇಲಿ, ಕಾಂಪೌಂಡಿನ ಆಚೆಯ ಮನೆ

ಬೆಳಿಗ್ಗೆ ಗಿಡಕ್ಕೆ ನೀರು ಹಾಕಲು ಹೋದಾಗ ಕಾಂಪೌಂಡ್ ಗೋಡೆಯ ಬುಡದಲ್ಲಿ ನೀಲಿ ಬಣ್ಣದ ಕಾಳು ಕಂಡಿತು. ಮಳೆನೀರು ಹೋಗಲು ಬಿಟ್ಟ ಕಿಂಡಿಯಿಂದ ಒಂದು ಹಿಡಿಯಷ್ಟು ನಮ್ಮ ಕಡೆಗೆ ಉರುಳಿತ್ತು. ನಮ್ಮ ನಾಯಿ ಅದನ್ನು ನೆಕ್ಕುತ್ತಾ ನಿಂತಿತ್ತು.

ಪಕ್ಕದ ಮನೆಗೆ ಓಡಿ ಬಾಗಿಲು ಬಡಿದೆ. ಅವರು ಗಾಬರಿಯಾಗಿ ಖಾಲಿ ಪ್ಯಾಕೆಟ್ ತಂದು ಕೊಟ್ಟರು. ಮೇಲೆ ಬ್ರೋಮಾಡಿಯೋಲೋನ್ ಅಂತ ಬರೆದಿತ್ತು, ರಕ್ತ ಹೆಪ್ಪುಗಟ್ಟದಂತೆ ಮಾಡುವ ಇಲಿ ವಿಷ ಅದು. ಆ ಒಂದು ಹೆಸರು ಸಿಕ್ಕಿದ್ದರಿಂದ ಪಶುವೈದ್ಯರಿಗೆ ಏನು ಮಾಡಬೇಕು ಅಂತ ತಕ್ಷಣ ಗೊತ್ತಾಯಿತು. ವಾಂತಿ ಮಾಡಿಸಿದರು, ವಿಟಮಿನ್ ಕೆ1 ಶುರು ಮಾಡಿದರು. ನಾಲ್ಕು ವಾರ ಮಾತ್ರೆ ನುಂಗಿಸಿದೆವು. ಮಾತ್ರೆ ನಿಲ್ಲಿಸಿ ಎರಡು ದಿನ ಬಿಟ್ಟು ರಕ್ತ ಸರಿಯಾಗಿ ಹೆಪ್ಪುಗಟ್ಟುತ್ತಿದೆಯಾ ಅಂತ ಪರೀಕ್ಷೆ ಮಾಡಿಸಿದೆವು. ನಾಯಿ ಉಳಿಯಿತು. ಆದರೆ ಆ ನಾಲ್ಕು ವಾರ ಎರಡು ಮನೆಯವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಇಲಿ ಓಡಿಸುವುದು ಹೇಗೆ ಅನ್ನುವುದರ ಜೊತೆಗೆ, ಪಕ್ಕದವರ ಜೊತೆ ಮಾತಾಡುವುದು ಹೇಗೆ ಅನ್ನುವುದನ್ನೂ ನಾನು ಕಲಿತದ್ದು ಇದಾದ ಮೇಲೆ. ಮಾತು ಸರಿಯಾಗದೆ ಇಲಿ ಕೆಲಸ ಆಗುವುದಿಲ್ಲ. ಒಂದು ಇಲಿ ರಾತ್ರಿ ಓಡಾಡುವ ಜಾಗ 30ರಿಂದ 50 ಮೀಟರ್ ಇರುತ್ತದೆ. ಅಷ್ಟರಲ್ಲಿ ಎಷ್ಟು ಮನೆ ಬರುತ್ತವೆ ಲೆಕ್ಕ ಹಾಕಿ. ಬಿಲ ಒಬ್ಬರ ಕಡೆ, ಊಟ ಇನ್ನೊಬ್ಬರ ಕಡೆ, ನೀರು ಮೂರನೆಯವರ ಕಡೆ.

ಮೊದಲು ನಿಮ್ಮ ಹಿತ್ತಲು ನೋಡಿ

ಪಕ್ಕದವರ ಬಾಗಿಲಿಗೆ ಹೋಗುವ ಮೊದಲು ಒಂದು ಟಾರ್ಚ್ ಹಿಡಿದು ನಿಮ್ಮ ಕಡೆ ಸುತ್ತಿ ಬನ್ನಿ. ನಾನು ಇದನ್ನು ಮೊದಲೇ ಮಾಡಬೇಕಿತ್ತು. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದೆಲೆಯ ನೊಣ ಓಡಿಸಿದರಂತೆ ಅನ್ನುವ ಗಾದೆ ಇದೆಯಲ್ಲ, ನಮ್ಮ ಮನೆಯಲ್ಲಿ ಅದು ಅಕ್ಷರಶಃ ನಿಜವಾಯಿತು. ಗೊಬ್ಬರದ ತೊಟ್ಟಿಯನ್ನು ಸ್ವಲ್ಪ ಸರಿಸಿ ನೋಡಿದೆ. ಅದರ ಕೆಳಗೆ ಎರಡು ಬಿಲ. ಬಾಯಿ ನನ್ನ ಮುಷ್ಟಿಯಷ್ಟು ಅಗಲ, ಅಂಚು ಓಡಾಡಿ ಓಡಾಡಿ ನುಣುಪಾಗಿತ್ತು. ಹೊರಗೆ ಹೊಸ ಮಣ್ಣು ಬೀಸಣಿಗೆಯ ಹಾಗೆ ಹರಡಿತ್ತು. ಅಲ್ಲಿಂದ ಗೋಡೆಯ ಕಿಂಡಿಯವರೆಗೆ ಹುಲ್ಲಿನ ನಡುವೆ ಒಂದು ಸಣ್ಣ ದಾರಿ ಸವೆದಿತ್ತು. ಕಿಂಡಿಯ ಅಂಚಿನಲ್ಲಿ ಎಣ್ಣೆ ಜಿಡ್ಡಿನಂಥ ಕಪ್ಪು ಕಲೆ. ಇಲಿ ದಿನಾ ಮೈ ಉಜ್ಜಿಕೊಂಡು ಹೋದಲ್ಲಿ ಹೀಗೆ ಕಲೆ ಬೀಳುತ್ತದೆ.

ಹಿಕ್ಕೆ ನೋಡಿದರೆ ಯಾವ ಇಲಿ ಅಂತ ಗೊತ್ತಾಗುತ್ತದೆ. ಸುಮಾರು 2 ಸೆಂಟಿಮೀಟರ್ ಉದ್ದ, ತುದಿ ಮೊಂಡು ಇದ್ದರೆ ಕಂದು ಇಲಿ. ಅದು ನೆಲ ಕೊರೆಯುವ ಜಾತಿ, ಬಾಲ ಮೈಗಿಂತ ಗಿಡ್ಡ. ಒಂದು ಸೆಂಟಿಮೀಟರ್‌ಗಿಂತ ತುಸು ಉದ್ದ, ತುದಿ ಚೂಪಾಗಿದ್ದರೆ ಕಪ್ಪು ಇಲಿ. ಅದು ಮರ, ಬಳ್ಳಿ, ಸೂರು ಹತ್ತುತ್ತದೆ, ಬಾಲ ಮೈಗಿಂತ ಉದ್ದ. ನೆಲದ ಇಲಿಗೆ ಅಟ್ಟದ ಮೇಲೆ ಬೋನಿಟ್ಟರೆ ಸುಮ್ನೆ ಕಾಯಬೇಕಷ್ಟೆ.

ಬಿಲದಲ್ಲಿ ಇಲಿ ಇದೆಯಾ ಅಂತ ತಿಳಿಯಲು ಸಂಜೆ ಒಂದು ಕಾಗದ ಉಂಡೆ ಮಾಡಿ ಬಾಯಿಗೆ ತುರುಕಿ. ಬೆಳಿಗ್ಗೆ ಅದು ಹೊರಗೆ ಬಿದ್ದಿದ್ದರೆ ಒಳಗೆ ಸಂಸಾರ ಇದೆ ಅಂತ ಅರ್ಥ. ಆ ಬಿಲಕ್ಕೆ ಈಗಲೇ ಮಣ್ಣು ತುಂಬಬೇಡಿ. ಪಕ್ಕದಲ್ಲೇ ಇನ್ನೊಂದು ತೋಡುತ್ತವೆ, ಅಷ್ಟೇ.

ಹೋಗಿ ಮಾತಾಡುವುದು

ನಾನು ಮೊದಲ ಸಲ ಹೇಳಿದ್ದು, "ನೀವು ವಿಷ ಹಾಕಿ ನಮ್ಮ ನಾಯಿಯನ್ನು ಸಾಯಿಸುತ್ತಿದ್ದಿರಿ" ಅಂತ. ಅವರು ಹೇಳಿದ್ದು, "ಇಲಿ ನಿಮ್ಮ ಗೊಬ್ಬರದಿಂದಲೇ ಬರುತ್ತಿದೆ" ಅಂತ. ಎರಡೂ ನಿಜ. ಆದರೂ ಅಲ್ಲಿಗೆ ಮಾತು ನಿಂತುಹೋಯಿತು.

ಎರಡನೇ ಸಲ ಹಗಲು ಹೊತ್ತಿನಲ್ಲಿ, ಸಿಟ್ಟು ಇಳಿದ ಮೇಲೆ ಹೋದೆ. "ನಮ್ಮ ತೊಟ್ಟಿಯ ಕೆಳಗೆ ಎರಡು ಬಿಲ ಸಿಕ್ಕಿವೆ. ತೊಟ್ಟಿ ಬದಲಾಯಿಸುತ್ತಿದ್ದೇನೆ. ಗೋಡೆಯ ಎರಡೂ ಕಡೆ ಒಮ್ಮೆ ಒಟ್ಟಿಗೆ ನೋಡೋಣವಾ?" ಅಂದೆ. ನಮ್ಮ ಕಡೆಯ ತಪ್ಪನ್ನು ಮೊದಲು ಹೇಳಿದ್ದಕ್ಕೋ ಏನೋ, ಅವರು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದರು. ಗೋಡೆ ಗುಂಟ ನಡೆಯುವಾಗಲೇ ಅವರ ಮನಸ್ಸಿನಲ್ಲಿದ್ದದ್ದು ಹೊರಬಂತು. ಮನೆಯಲ್ಲಿ ಎಳೆ ಮಗು ಇದೆ. ಒಂದು ರಾತ್ರಿ ತೊಟ್ಟಿಲಿನ ಪಕ್ಕದ ಕಿಟಕಿಯ ಮೇಲೆ ಇಲಿ ಕಂಡಿತಂತೆ. ಆಮೇಲೆ ಮಗುವಿನ ತಾಯಿ ವಾರಗಟ್ಟಲೆ ಸರಿಯಾಗಿ ನಿದ್ದೆ ಮಾಡಿಲ್ಲ. ವಿಷ ತಂದದ್ದು ಹಾಗೆ. ಅದನ್ನು ಕೇಳಿದ ಮೇಲೆ ನನ್ನಲ್ಲಿ ಉಳಿದಿದ್ದ ಸಿಟ್ಟೂ ಹೋಯಿತು.

ಹಾಗಾಗಿ ಮೊದಲು ಕೇಳಿ: ನಿಮಗೆ ಯಾವುದರ ಭಯ ಜಾಸ್ತಿ? ಮಗುವಾ, ರೋಗವಾ, ಬೆಳೆಯಾ, ಸತ್ತ ಇಲಿಯ ವಾಸನೆಯಾ? ಏನು ಬಳಸಬೇಕು ಅನ್ನುವ ಜಗಳಕ್ಕೆ ಮೊದಲು ಇದು ಗೊತ್ತಿರಬೇಕು. ಮೊಬೈಲಿನಲ್ಲಿ ಮೆಸೇಜ್ ಕಳಿಸಿ ಇದನ್ನು ಮಾಡಲು ಹೋಗಬೇಡಿ. ಬಿಲದ ಮುಂದೆ ಒಟ್ಟಿಗೆ ಕುಕ್ಕರಗಾಲಲ್ಲಿ ಕೂತು ನೋಡಿದಾಗ ಆಗುವ ಮಾತೇ ಬೇರೆ.

ಇನ್ನೊಂದು ಪಕ್ಕದ ಹಿರಿಯರದು ಬೇರೆ ಕಥೆ. ಅವರು ದಿನಾ ಹಕ್ಕಿಗಳಿಗೆ ಕಾಳು ಹಾಕುತ್ತಾರೆ. ಯಾವ ಜೀವವನ್ನೂ ಕೊಲ್ಲಬಾರದು ಅನ್ನುವವರು. ಅವರ ಜೊತೆ ನಾನು ಕೊಲ್ಲುವ ವಿಷಯ ಎತ್ತಲೇ ಇಲ್ಲ. ಮಧ್ಯಾಹ್ನದೊಳಗೆ ಖಾಲಿಯಾಗುವಷ್ಟೇ ಕಾಳು ಬೆಳಿಗ್ಗೆ ಹಾಕಿ, ಕೆಳಗೆ ಒಂದು ತಟ್ಟೆ ಇಡಿ, ಸಂಜೆ ಅದನ್ನು ಒಳಗೆ ತನ್ನಿ ಅಂದೆ. ಒಂದು ಇಲಿಗೆ ದಿನಕ್ಕೆ 15ರಿಂದ 30 ಗ್ರಾಂ ತಿನಿಸು ಸಾಕು. ಚೆಲ್ಲಿದ ಒಂದು ಹಿಡಿ ಕಾಳು ಒಂದೆರಡು ಇಲಿಗೆ ರಾತ್ರಿ ಊಟ. ಅವರು ಒಪ್ಪಿದರು. ಇವತ್ತಿಗೂ ತಪ್ಪದೆ ಮಾಡುತ್ತಿದ್ದಾರೆ.

ನಮ್ಮ ಮೂರು ಮನೆಯ ಒಪ್ಪಂದ ಒಂದು ಹಾಳೆಯಲ್ಲಿದೆ. ಯಾರು ಏನು ಸ್ವಚ್ಛ ಮಾಡುತ್ತಾರೆ, ಬೋನು ಎಲ್ಲೆಲ್ಲಿ, ಬೆಳಿಗ್ಗೆ ಯಾರು ನೋಡುತ್ತಾರೆ, ಸತ್ತದ್ದನ್ನು ಯಾರು ಎತ್ತುತ್ತಾರೆ. ಮತ್ತೆ, ಯಾರೇ ಆಗಲಿ ಯಾವುದೇ ಮದ್ದು ಇಡುವ ಎರಡು ದಿನ ಮೊದಲು ಉಳಿದವರಿಗೆ ಹೇಳಬೇಕು. ಈ ಕೊನೆಯ ಸಾಲು ನನಗೆ ತುಂಬಾ ಮುಖ್ಯ.

ಊಟ, ನೀರು, ಅಡಗುವ ಜಾಗ

ಗೊಬ್ಬರದ ತೊಟ್ಟಿಗೆ ಬೇಯಿಸಿದ ಅಡುಗೆ, ಮಾಂಸ, ಹಾಲಿನ ಪದಾರ್ಥ ಹಾಕಬೇಡಿ. ತಳಕ್ಕೆ 6 ಮಿಲಿಮೀಟರ್ ಕಣ್ಣಿನ ಗಟ್ಟಿ ತಂತಿ ಜಾಲರಿ ಹಾಕಿ. ಗೊಬ್ಬರ ಒಣಗಲು ಬಿಡದೆ ವಾರಕ್ಕೊಮ್ಮೆ ತಿರುವಿ. ಒಣಗಿ ಬೆಚ್ಚಗಿರುವ, ಯಾರೂ ಅಲುಗಾಡಿಸದ ರಾಶಿ ಇಲಿಗೆ ಹೇಳಿ ಮಾಡಿಸಿದ ಬಾಣಂತಿ ಕೋಣೆ. ಬಸಿರು 21ರಿಂದ 23 ದಿನ, ಒಂದು ಸಲಕ್ಕೆ ಸಾಮಾನ್ಯವಾಗಿ 6ರಿಂದ 12 ಮರಿ. ಹೆತ್ತ ಒಂದೆರಡು ದಿನದಲ್ಲೇ ತಾಯಿ ಮತ್ತೆ ಬಸಿರಾಗಬಲ್ಲದು. ಜಗಳದಲ್ಲಿ ಕಳೆದ ಒಂದು ತಿಂಗಳು ಅಂದರೆ ಏನು ಅಂತ ಇದರಲ್ಲೇ ಗೊತ್ತಾಗುತ್ತದೆ ಅಲ್ವಾ.

ತೊಟ್ಟಿಕ್ಕುವ ನಲ್ಲಿ ರಿಪೇರಿ ಮಾಡಿಸಿ. ನಾಯಿಯ ಬಟ್ಟಲು ರಾತ್ರಿ ಒಳಗಿರಲಿ. ಸೌದೆ, ಹಳೇ ಹಲಗೆ ನೆಲದಿಂದ ಒಂದೂವರೆ ಅಡಿ ಮೇಲಿರಲಿ. ಗೋಡೆಯ ಗುಂಟ ಅಷ್ಟೇ ಅಗಲದ ಜಾಗ ಬೋಳಾಗಿರಲಿ. ಬಯಲಿನಲ್ಲಿ ಓಡಲು ಇಲಿ ಹೆದರುತ್ತದೆ. ಬಿದ್ದ ಹಣ್ಣು ಅವತ್ತೇ ಎತ್ತಿ.

ಬೋನು

ಇಲಿಗೆ ಹೊಸ ವಸ್ತು ಕಂಡರೆ ಅನುಮಾನ. ನಿನ್ನೆ ಇಲ್ಲದ್ದು ಇವತ್ತು ದಾರಿಯಲ್ಲಿದ್ದರೆ ದಿನಗಟ್ಟಲೆ ಸುತ್ತು ಹಾಕಿ ಹೋಗುತ್ತದೆ. ಅದಕ್ಕೇ ಮೊದಲ ನಾಲ್ಕೈದು ದಿನ, ಬಡಿದು ಕೊಲ್ಲುವ ಬೋನಿನ ಸ್ಪ್ರಿಂಗ್ ಎಳೆಯದೆ ಬರೀ ತಿನಿಸು ಇಡಿ. ನಾನು ಕಡಲೆಕಾಯಿ ಬೆಣ್ಣೆ ಕಡಲೆಕಾಳಿನಷ್ಟು ಸವರುತ್ತೇನೆ. ಜಾಸ್ತಿ ಇಟ್ಟರೆ ಅಂಚಿನಿಂದಲೇ ತಿಂದು ಹೋಗುತ್ತವೆ. ಮೂರು ರಾತ್ರಿ ತಿಂದು ಹೋದ ಮೇಲೆ ಎಲ್ಲ ಬೋನುಗಳನ್ನೂ ಒಂದೇ ಸಂಜೆ ಹೂಡಿ. ಪಕ್ಕದವರೂ ಅದೇ ಸಂಜೆ ಹೂಡಲಿ. ಒಂದೆರಡು ಬೋನು ಸಾಲದು, ಆರೆಂಟು ಬೇಕು.

ಬೋನು ಗೋಡೆಗೆ ಅಡ್ಡಲಾಗಿ, ತಿನಿಸಿನ ತುದಿ ಗೋಡೆಗೆ ತಾಗುವ ಹಾಗೆ ಇರಲಿ. ಇಲಿ ಗೋಡೆಯನ್ನು ಮೀಸೆಯಿಂದ ಸವರಿಕೊಂಡೇ ಓಡುವುದು. ಹಕ್ಕಿ, ಅಳಿಲು, ಮಕ್ಕಳ ಬೆರಳು ಸಿಗದಂತೆ ಎರಡು ಬದಿ ತೂತಿರುವ ಪೆಟ್ಟಿಗೆಯೊಳಗಿಡಿ. ದಿನಕ್ಕೆ ಎರಡು ಸಲ ನೋಡಿ.

ಜೀವಂತ ಹಿಡಿಯುವ ಪಂಜರ ಇಡುವವರು, ಸಿಕ್ಕ ಮೇಲೆ ಏನು ಮಾಡುತ್ತೇವೆ ಅಂತ ಮೊದಲೇ ತೀರ್ಮಾನಿಸಿ. ದೂರ ಬಿಟ್ಟು ಬಂದರೆ ಅದು ಇನ್ಯಾರದೋ ಹಿತ್ತಲು. ಹಲವು ಕಡೆ ಕಾನೂನೂ ಒಪ್ಪುವುದಿಲ್ಲ. ಅಂಟಿನ ಹಲಗೆ ನಾನು ಮುಟ್ಟುವುದಿಲ್ಲ. ಇಲಿ ಗಂಟೆಗಟ್ಟಲೆ ಒದ್ದಾಡುತ್ತದೆ, ಹಲ್ಲಿ, ಓತಿಕ್ಯಾತ, ಹಕ್ಕಿಮರಿಯೂ ಅದಕ್ಕೇ ಅಂಟುತ್ತವೆ. ಸದ್ದು ಹೊರಡಿಸುವ ಯಂತ್ರಕ್ಕೆ ಇಲಿಗಳು ಬೇಗ ಒಗ್ಗಿಕೊಳ್ಳುತ್ತವೆ. ದುಡ್ಡು ದಂಡ.

ವಿಷ ಇಟ್ಟೇ ಇಡುತ್ತೇವೆ ಅಂದರೆ

ನನಗೆ ವಿಷ ಬೇಡ. ಆದರೆ ಪಕ್ಕದವರು ಅವರ ಜಾಗದಲ್ಲಿ ಇಡುತ್ತೇವೆ ಅಂದರೆ ತಡೆಯುವ ಹಕ್ಕು ನನಗಿಲ್ಲದಿರಬಹುದು. ಅಪಾಯ ಕಡಿಮೆ ಮಾಡಲು ಕೇಳಬಹುದು.

ಬ್ರೋಮಾಡಿಯೋಲೋನ್, ಬ್ರೋಡಿಫಾಕಮ್ ಥರದವು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತವೆ. ತಿಂದ ಇಲಿ ಸಾಯಲು ಮೂರರಿಂದ ಏಳು ದಿನ ಬೇಕು. ಇಲಿಗೆ ವಾಂತಿ ಮಾಡಲು ಬರುವುದಿಲ್ಲ, ಅದಕ್ಕೇ ಹೊಸ ತಿನಿಸನ್ನು ಚೂರು ರುಚಿ ನೋಡಿ ಕಾಯುತ್ತದೆ. ತಕ್ಷಣ ಹೊಟ್ಟೆ ಕೆಟ್ಟರೆ ಮತ್ತೆ ಮುಟ್ಟುವುದಿಲ್ಲ. ನಿಧಾನದ ವಿಷ ಈ ಎಚ್ಚರವನ್ನು ತಪ್ಪಿಸುತ್ತದೆ. ಆದರೆ ಸಾಯುವ ಮೊದಲು ಇಲಿ ತೂರಾಡುತ್ತಾ ಓಡಾಡುತ್ತದೆ. ಗೂಬೆ, ಬೆಕ್ಕು ಸುಲಭವಾಗಿ ಹಿಡಿಯುತ್ತವೆ. ವಿಷ ಅವುಗಳ ಹೊಟ್ಟೆ ಸೇರುತ್ತದೆ.

ಆದ್ದರಿಂದ ಕಾಳು ಚೆಲ್ಲಬಾರದು. ಬೀಗ ಹಾಕುವ, ನೆಲಕ್ಕೆ ಬಿಗಿದ ಪೆಟ್ಟಿಗೆಯಲ್ಲಿ, ಕಂಬಿಗೆ ಪೋಣಿಸಿದ ಬಿಲ್ಲೆ ಮಾತ್ರ ಇರಲಿ. ಪ್ಯಾಕೆಟ್ ಎಸೆಯಬೇಡಿ, ಅದರ ಫೋಟೋ ಪಕ್ಕದವರಿಗೂ ಕೊಡಿ. ಸತ್ತ ಇಲಿ ದಿನಾ ಹುಡುಕಿ ಎತ್ತಿ. ಕೆಲಸ ಮುಗಿದ ಮೇಲೆ ಉಳಿದ ವಿಷ ವಾಪಸ್ ತೆಗೆಯಿರಿ. ಜಿಂಕ್ ಫಾಸ್ಫೈಡ್ ಇರುವ ಇಲಿ ಪಾಷಾಣ ಮಾತ್ರ ಮನೆಯ ಹತ್ತಿರ ಬರಲೇಬಾರದು. ಹೊಟ್ಟೆಯ ಆಮ್ಲ ತಾಗಿದರೆ ಫಾಸ್ಫೀನ್ ಅನಿಲ ಹೊರಡುತ್ತದೆ, ಅದಕ್ಕೆ ಪ್ರತಿಮದ್ದು ಇಲ್ಲ. ಸಾಕುಪ್ರಾಣಿ ಯಾವುದೇ ವಿಷ ತಿಂದರೂ ಮನೆಮದ್ದು ಮಾಡಬೇಡಿ, ಪ್ಯಾಕೆಟ್ ಹಿಡಿದು ವೈದ್ಯರ ಹತ್ತಿರ ಓಡಿ.

ಯಾವ ಮಾತಿಗೂ ಅವರು ಬಗ್ಗದಿದ್ದರೆ? ಅವರ ಜಾಗಕ್ಕೆ ಹೋಗಿ ವಿಷ ಎತ್ತಬೇಡಿ. ಫೋಟೋ, ದಿನಾಂಕ ಬರೆದಿಡಿ. ನಿಮ್ಮ ಕಡೆಯ ನಿಯಮ ಏನು ಅಂತ ಸ್ಥಳೀಯ ಆಡಳಿತದಲ್ಲಿ ಕೇಳಿ. ಅಷ್ಟರಲ್ಲಿ ಕಿಂಡಿಗೆ ಜಾಲರಿ ಬಡಿಯಿರಿ. ನಮ್ಮ ನಾಯಿಗೆ ಆದದ್ದು ಆ ಒಂದು ಜಾಲರಿಯಿಂದ ತಪ್ಪುತ್ತಿತ್ತು.

ಕೈ ತೊಳೆಯುವ ಮೊದಲು

ಇಲಿ ಜ್ವರ ಬರುವುದು ಇಲಿಯ ಮೂತ್ರ ಸೇರಿದ ಒದ್ದೆ ಮಣ್ಣು, ನೀರಿನಿಂದ. ಚರ್ಮದ ಸಣ್ಣ ಗಾಯ ಸಾಕು. ಗವಸು, ಬೂಟು ಹಾಕದೆ ಬಿಲದ ಹತ್ತಿರ ಕೆಲಸ ಮಾಡಬೇಡಿ. ಒಣ ಹಿಕ್ಕೆ ಗುಡಿಸಬೇಡಿ. ಒಂದು ಪಾಲು ಬ್ಲೀಚ್, ಒಂಬತ್ತು ಪಾಲು ನೀರು ಸೇರಿಸಿ ನೆನೆಸಿ, ಐದು ನಿಮಿಷ ಬಿಟ್ಟು ಒರೆಸಿ. ಮುಂದಿನ ಕೆಲವು ವಾರದಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪು ಕಂಡರೆ ವೈದ್ಯರಿಗೆ ಇಲಿಯ ವಿಷಯ ಹೇಳಲು ಮರೆಯಬೇಡಿ.

ಹೋದ ವಾರ ನಮ್ಮ ತೊಟ್ಟಿಯ ಕೆಳಗಿನ ಬಿಲಕ್ಕೆ ತುರುಕಿದ ಕಾಗದ ಎಂಟು ದಿನವಾದರೂ ಅಲುಗಾಡಲಿಲ್ಲ. ಪಕ್ಕದವರು ಸಲಿಕೆ ತಂದರು. ಇಬ್ಬರೂ ಸೇರಿ ಜಲ್ಲಿ, ಮಣ್ಣು ತುಂಬಿ ತುಳಿದು ಗಟ್ಟಿ ಮಾಡಿದೆವು. ಅವರ ಕಡೆ ಗೋಡೆಯ ಮೂಲೆಯಲ್ಲಿ ಇನ್ನೊಂದು ಬಿಲ ಬಾಕಿ ಇದೆ. ಅದರ ಕಾಗದ ಇನ್ನೂ ಹೊರಗೆ ಬರುತ್ತಿದೆ. ಭಾನುವಾರ ಸಂಜೆ ನಾಲ್ಕು ಬೋನು ತೆಗೆದುಕೊಂಡು ಹೋಗಬೇಕು.