ಶಟ್‌ಡೌನ್ ಕೊಟ್ಟರೂ ಆಫ್ ಆಗದ ಲಿನಕ್ಸ್ ಕಂಪ್ಯೂಟರ್

ಕಾಸರಗೋಡಿನ ಕುಂಬಳೆ, ಬದಿಯಡ್ಕ, ಪೆರ್ಲ ಕಡೆಯ ಕನ್ನಡ ಶಾಲೆಗಳ ಲ್ಯಾಬುಗಳಲ್ಲಿ ಇರುವುದು ಉಬುಂಟು ಆಧಾರಿತ ಲಿನಕ್ಸ್. ಅಲ್ಲಿ ನನಗೆ ಹೆಚ್ಚು ಕೇಳಿಬರುವ ದೂರು, "ಶಟ್‌ಡೌನ್ ಕೊಟ್ರೂ ಆಫ್ ಆಗುದಿಲ್ಲ ಮಾಷ್ಟ್ರೇ." ಈ ಒಂದೇ ಮಾತಿನೊಳಗೆ ನಾಲ್ಕು ಬೇರೆ ಬೇರೆ ತೊಂದರೆಗಳು ಅಡಗಿರುತ್ತವೆ. ಯಾವುದೆಂದು ನೋಡದೆ ಕೈಹಾಕಿದರೆ ಸರಿಯಿದ್ದದ್ದೂ ಕೆಡುತ್ತದೆ. (ಕಮಾಂಡ್‌ಗಳನ್ನು ಇಲ್ಲಿ ಉಚ್ಚಾರದಂತೆ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳೇ ಬೇಕು.)

ಮೊದಲ ಕೆಲಸ, ಪರದೆಯ ಕೊನೆಯ ಸಾಲನ್ನು ಓದುವುದು. ಶಟ್‌ಡೌನ್ ಆಗುವಾಗ ಲೋಗೋ ಅದನ್ನು ಮುಚ್ಚಿಬಿಡುತ್ತದೆ. ಎಸ್ಕೇಪ್ ಕೀ ಒತ್ತಿದರೆ ಸಾಲುಗಳು ಕಾಣಬಹುದು. ಕಾಣದಿದ್ದರೆ ಗ್ರಬ್‌ನ (ಲಿನಕ್ಸನ್ನು ಬೂಟ್ ಮಾಡಿಸುವ ಪ್ರೋಗ್ರಾಮು) /ಇಟಿಸಿ/ಡಿಫಾಲ್ಟ್/ಗ್ರಬ್ ಫೈಲಿನಿಂದ 'ಕ್ವಾಯೆಟ್ ಸ್ಪ್ಲಾಶ್' ಎರಡನ್ನೂ ತೆಗೆದು 'ಸುಡೊ ಅಪ್‌ಡೇಟ್-ಗ್ರಬ್' ಕೊಡುತ್ತೇನೆ. 'ರೀಬೂಟ್: ಪವರ್ ಡೌನ್' ಎಂಬ ಸಾಲು ಬಂದಿದ್ದರೆ ಸರ್ವಿಸ್‌ಗಳೆಲ್ಲ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಮುಗಳು) ನಿಂತು ಡಿಸ್ಕಿನ ಕೆಲಸ ಮುಗಿದಿದೆ, ತೊಂದರೆ ಕರ್ನಲ್ (ಲಿನಕ್ಸಿನ ತಿರುಳು) ಮತ್ತು ಮದರ್‌ಬೋರ್ಡಿನ ನಡುವೆ. ಅದಕ್ಕೂ ಮೊದಲೇ ನಿಂತಿದ್ದರೆ ಯಾವುದೋ ಸರ್ವಿಸ್ ಹಿಡಿದುಕೊಂಡಿದೆ ಎಂದರ್ಥ. 'ಸಿಸ್ಟಮ್ ಹಾಲ್ಟೆಡ್' ಎಂದು ಬಂದರೆ ಅದು ದೋಷವೇ ಅಲ್ಲ: 'ಹಾಲ್ಟ್' ಕೊಟ್ಟರೆ ಯಂತ್ರ ನಿಲ್ಲುತ್ತದೆ, ಕರೆಂಟು ಕಡಿಯುವುದಿಲ್ಲ. ಬೇಕಾದದ್ದು 'ಸಿಸ್ಟಮ್‌ಸಿಟಿಎಲ್ ಪವರ್‌ಆಫ್'.

'ಸ್ಟಾಪ್ ಜಾಬ್ ಈಸ್ ರನ್ನಿಂಗ್' ಎಂದು ಸೆಕೆಂಡು ಎಣಿಸುತ್ತಿದ್ದರೆ ಸಾಮಾನ್ಯವಾಗಿ 1 ನಿಮಿಷ 30 ಸೆಕೆಂಡು ಕಾದು ಸಿಸ್ಟಮ್ ತಾನೇ ಆ ಸರ್ವಿಸನ್ನು ಕೊಂದು ಮುಂದೆ ಹೋಗುತ್ತದೆ. ಯಾವ ಸರ್ವಿಸ್ ಎಂದು ಮರುದಿನ 'ಜರ್ನಲ್‌ಸಿಟಿಎಲ್ -ಬಿ -1 -ಇ' ಹೇಳುತ್ತದೆ. ಲ್ಯಾಬಿನಲ್ಲಿ ನಾನು ಮೊದಲು ಸಂಶಯಪಡುವುದು ಸರ್ವರಿನಿಂದ ಮೌಂಟ್ ಮಾಡಿದ (ನೆಟ್‌ವರ್ಕಿನ ಮೂಲಕ ಜೋಡಿಸಿದ) ಫೋಲ್ಡರನ್ನು. ಮನೆಗೆ ಹೊರಡುವ ಅವಸರದಲ್ಲಿ ನೆಟ್‌ವರ್ಕ್ ಸ್ವಿಚ್ಚನ್ನೋ ಸರ್ವರನ್ನೋ ಮೊದಲು ಆರಿಸಿದರೆ ಉಳಿದ ಕಂಪ್ಯೂಟರುಗಳು ಸಿಗದ ಫೋಲ್ಡರಿಗಾಗಿ ಕಾಯುತ್ತ ಕೂರುತ್ತವೆ. ಅವೆರಡನ್ನೂ ಕೊನೆಗೆ ಆರಿಸಿದರೆ ಸಾಕು, ಸೆಟ್ಟಿಂಗ್ ಮುಟ್ಟಬೇಕಿಲ್ಲ. ಕಾಯುವ ಸಮಯ ಇಳಿಸಲೇಬೇಕೆಂದಿದ್ದರೆ /ಇಟಿಸಿ/ಸಿಸ್ಟಮ್‌ಡಿ/ಸಿಸ್ಟಮ್.ಕಾನ್ಫ್‌ನಲ್ಲಿ ಡಿಫಾಲ್ಟ್‌ಟೈಮ್‌ಔಟ್‌ಸ್ಟಾಪ್‌ಸೆಕ್ ಅನ್ನು 15 ಸೆಕೆಂಡಿಗೆ ತರಬಹುದು. ಡೇಟಾಬೇಸ್ ಓಡುವ ಯಂತ್ರದಲ್ಲಿ ಬೇಡ.

ನಡುವೆ ಸಿಕ್ಕಿಕೊಂಡರೆ ಗೋಡೆಯ ಸ್ವಿಚ್ಚಿಗೆ ಕೈ ಹೋಗುವ ಮೊದಲು ಆಲ್ಟ್ ಮತ್ತು ಸಿಸ್‌ಆರ್‌ಕ್ಯೂ (ಸಾಮಾನ್ಯವಾಗಿ ಪ್ರಿಂಟ್ ಸ್ಕ್ರೀನ್ ಕೀ) ಹಿಡಿದು ಎಸ್, ಯು, ಓ ಒಂದೊಂದಾಗಿ ಒತ್ತಬೇಕು: ಬರಹ ಡಿಸ್ಕಿಗೆ ಇಳಿಯುತ್ತದೆ, ಡಿಸ್ಕ್ ಓದಲಷ್ಟೇ ಆಗುತ್ತದೆ, ಯಂತ್ರ ಆರುತ್ತದೆ. ಉಬುಂಟುವಿನಲ್ಲಿ ಈ ಸೌಲಭ್ಯದ ಮೌಲ್ಯ 176, ಅಂದರೆ ಕ್ರಮವಾಗಿ ಈ ಮೂರು ಕೆಲಸಗಳಿಗೆ ಅನುಮತಿ ಕೊಡುವ 16+32+128. ಹಾಗಾಗಿ ಈ ಮೂರೂ ನಡೆಯುತ್ತವೆ.

'ಪವರ್ ಡೌನ್' ಬಂದೂ ಫ್ಯಾನ್ ತಿರುಗುತ್ತಿದ್ದರೆ ಅಲ್ಲಿಗೆ ನಿಜವಾದ ಕೆಲಸ ಶುರು. ಕರ್ನಲ್ ಬಯೋಸಿನ (ಬೋರ್ಡಿನೊಳಗಿನ ಮೂಲ ಪ್ರೋಗ್ರಾಮು) ಎಸಿಪಿಐ ಎಂಬ ಪವರ್ ನಿಯಂತ್ರಣದ ಪಟ್ಟಿಯಿಂದ ಎಸ್5, ಅಂದರೆ ಪೂರ್ತಿ ಆರಿದ ಸ್ಥಿತಿಯ ಸಂಖ್ಯೆಯನ್ನು ಓದಿ ಚಿಪ್‌ಸೆಟ್ಟಿನ ರಿಜಿಸ್ಟರಿಗೆ ಬರೆಯುತ್ತದೆ. ಆಗ ಬೋರ್ಡು ಪವರ್ ಸಪ್ಲೈಗೆ ಹೋಗುವ ಹಸಿರು ತಂತಿಯ ಹಿಡಿತ ಬಿಡುತ್ತದೆ, ಎಸ್‌ಎಂಪಿಎಸ್ (ಆ ಪವರ್ ಸಪ್ಲೈ ಡಬ್ಬಿ) ನಿಲ್ಲುತ್ತದೆ. ಮೊದಲು 'ಕ್ಯಾಟ್ /ಪ್ರಾಕ್/ಸಿಎಂಡಿಲೈನ್' (ಬೂಟ್ ಆಗುವಾಗ ಕರ್ನಲ್‌ಗೆ ಕೊಟ್ಟ ಸೂಚನೆಗಳ ಸಾಲು) ನೋಡಿ: ಇನ್‌ಸ್ಟಾಲ್ ಮಾಡುವಾಗ ಯಾರೋ 'ಎಸಿಪಿಐ=ಆಫ್' ಹಾಕಿ ಮರೆತಿದ್ದರೆ ಕಾರಣ ಅಲ್ಲೇ ಸಿಕ್ಕಿತು. ಎಲ್ಲದಕ್ಕೂ 'ಎಸಿಪಿಐ=ಫೋರ್ಸ್' ಹಾಕಿ ಎನ್ನುವವರಿದ್ದಾರೆ; ಅದು 2000ದ ಆಸುಪಾಸಿನ ಬೋರ್ಡುಗಳ ಮದ್ದು, ಈಗಿನವಕ್ಕೆ ತಾಗುವುದಿಲ್ಲ. ಗ್ರಬ್ ಮೆನುವಿನಲ್ಲಿ 'ಇ' ಒತ್ತಿ ಲಿನಕ್ಸ್ ಸಾಲಿನ ತುದಿಗೆ, ಗ್ರಾಫಿಕ್ಸ್ ಡ್ರೈವರನ್ನು ಬದಿಗಿಡುವ 'ನೋಮೋಡ್‌ಸೆಟ್' ಸೇರಿಸಿ ಒಮ್ಮೆ ಬೂಟ್ ಮಾಡಿ ನೋಡುತ್ತೇನೆ. ಆಗ ಸರಿಯಾಗಿ ಆರಿದರೆ ಸಂಶಯ ಗ್ರಾಫಿಕ್ಸ್ ಡ್ರೈವರಿನ ಮೇಲೆ.

ಇಷ್ಟಕ್ಕೂ ಬಗೆಹರಿಯದಿದ್ದರೆ ಮಲ್ಟಿಮೀಟರ್. 24 ಪಿನ್ನಿನ ಕನೆಕ್ಟರಿನ ಹಿಂಬದಿಯಿಂದ ಹಸಿರು (16ನೇ ಪಿನ್) ಮತ್ತು ಕಪ್ಪು ತಂತಿಗಳ ನಡುವೆ ಅಳೆಯಬೇಕು. ಓಡುವಾಗ ಸೊನ್ನೆಯ ಹತ್ತಿರ, ಆರಿದಾಗ 5 ವೋಲ್ಟಿನ ಹತ್ತಿರ ಇರಬೇಕು. ವೋಲ್ಟೇಜ್ ಏರಿಯೂ ಫ್ಯಾನ್ ನಿಲ್ಲದಿದ್ದರೆ ಎಸ್‌ಎಂಪಿಎಸ್ ಬದಲಿಸಿ, ಲಿನಕ್ಸನ್ನು ಬೈಯಬೇಡಿ. ಸೊನ್ನೆಯಲ್ಲೇ ಉಳಿದರೆ ಬಯೋಸ್ ಅಪ್‌ಡೇಟ್, ಡಿಫಾಲ್ಟ್ ಸೆಟ್ಟಿಂಗ್, ಆಮೇಲೆ ಬೋರ್ಡು. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಕೆಪ್ಯಾಸಿಟರಿನಲ್ಲಿ ಪ್ರಾಣ ತೆಗೆಯುವಷ್ಟು ವೋಲ್ಟೇಜ್ ಉಳಿದಿರಬಹುದು.

ಆರಿ, ಎರಡು ಮೂರು ಸೆಕೆಂಡಿನಲ್ಲಿ ತಾನೇ ಏಳುವುದು ಇನ್ನೊಂದು ಜಾತಿ. ನೆಟ್‌ವರ್ಕ್ ಕಾರ್ಡಿನ ಸೆಟ್ಟಿಂಗ್ ತೋರಿಸುವ 'ಈಥ್‌ಟೂಲ್'ನಲ್ಲಿ ವೇಕ್-ಆನ್ (ನೆಟ್‌ವರ್ಕಿನಿಂದ ಎಬ್ಬಿಸುವ ಸೌಲಭ್ಯ) ಎದುರು 'ಜಿ' ಇದ್ದರೆ ಅದನ್ನು 'ಡಿ' ಮಾಡಬೇಕು. ಯುಎಸ್‌ಬಿ 3 ಇರುವ ಕೆಲವು ಹಳೆಯ ಬೋರ್ಡುಗಳಿಗೆ ಕರ್ನಲ್ ಸಾಲಿನಲ್ಲಿ 'ಎಕ್ಸ್‌ಎಚ್‌ಸಿಐ_ಎಚ್‌ಸಿಡಿ.ಕ್ವರ್ಕ್ಸ್=270336' ಬೇಕಾಗುತ್ತದೆ. ಕರೆಂಟು ಹೋಗಿ ಬಂದಾಗ ಏಳುವುದಾದರೆ ಅದು ಬಯೋಸಿನ 'ಎಸಿ ಪವರ್ ಲಾಸ್' ಸೆಟ್ಟಿಂಗ್. 'ಪವರ್ ಆಫ್' ಇಡಿ.

ಇನ್ನು ಆರಿದ ಮೇಲೂ ಮೌಸಿನ ಕೆಂಪು ದೀಪ. ನೇರಳೆ ತಂತಿಯ 5 ವೋಲ್ಟ್ ಸ್ಟ್ಯಾಂಡ್‌ಬೈ ಯಾವಾಗಲೂ ಜೀವಂತ, ಯಂತ್ರ ಆರಿಯೇ ಇದೆ. ಬಯೋಸಿನಲ್ಲಿ 'ಇಆರ್‌ಪಿ' ಎಂಬ ವಿದ್ಯುತ್ ಉಳಿತಾಯದ ಸೆಟ್ಟಿಂಗ್ ಎನೇಬಲ್ ಮಾಡಿದರೆ ದೀಪವೂ ಆರುತ್ತದೆ. ನೆಟ್‌ವರ್ಕಿನಿಂದ ಎಬ್ಬಿಸುವ ಸೌಲಭ್ಯವೂ ಅದರೊಂದಿಗೆ ಹೋಗುತ್ತದೆ. ಆದರೆ ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಂಜೆಯ ಸಿಡಿಲಿಗೆ ಇದಾವುದೂ ತಡೆಯಲ್ಲ. ಆಗ ಪ್ಲಗ್ಗಿನ ಜೊತೆಗೆ ಲ್ಯಾನ್ ಕೇಬಲನ್ನೂ ಕಿತ್ತಿಡಬೇಕು.