ಮೆದೆ ನೋಡಿ ಕಟ್ಟಿದ ಕೊಟ್ಟಿಗೆ

ನಮ್ಮದು ಮಳವಳ್ಳಿ ತಾಲ್ಲೂಕು, ಕಿರುಗಾವಲು ಕಡೆಯ ಒಂದು ಹಳ್ಳಿ. ಜಮೀನು 1 ಎಕರೆ 8 ಗುಂಟೆ. 20 ಗುಂಟೆ ಹಿಪ್ಪುನೇರಳೆ, 18 ಗುಂಟೆ ನಾಲೆ ನೀರಿನ ಗದ್ದೆ. ಉಳಿದದ್ದರಲ್ಲಿ ಮನೆ, ರೇಷ್ಮೆ ಹುಳು ಮನೆ, ಕೊಟ್ಟಿಗೆ, ತಿಪ್ಪೆ, ಏಳು ತೆಂಗಿನ ಮರ. ನಮ್ಮ ಯಜಮಾನರಿಗೆ ಮೈಸೂರಿನ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಮನೆಯಲ್ಲಿ ಇರೋದು ನಾನು, ಅತ್ತೆ, ಸ್ಕೂಲಿಗೆ ಹೋಗುವ ಎರಡು ಮಕ್ಕಳು. ಅಂದರೆ ಕೊಟ್ಟಿಗೆ ಕೆಲಸಕ್ಕೆ ನಿಜವಾಗಿ ಇರೋದು ಎರಡೂವರೆ ಕೈ. ಅತ್ತೆಗೆ ಮಂಡಿ ನೋವು, ಅದಕ್ಕೇ ಅರ್ಧ ಕೈ ಕಮ್ಮಿ ಹೇಳಿದೆ.

ಈಗ ನಮ್ಮಲ್ಲಿ ಒಂದು ಹಳ್ಳಿಕಾರ್ ಹಸು, ಅದರ ಕರು, ನಾಲ್ಕು ಬಂಡೂರು ತಾಯಿ ಕುರಿ, ಹನ್ನೆರಡು ನಾಟಿ ಕೋಳಿ ಇವೆ. ಇಷ್ಟಕ್ಕೆ ಬಂದು ನಿಲ್ಲಲು ನಾಲ್ಕು ವರ್ಷ ಹಿಡಿಯಿತು, ದುಡ್ಡೂ ಹೋಯಿತು. ಯಾರಾದರೂ ಬಂದು "ಅಕ್ಕ, ಏನು ಸಾಕಿದರೆ ಲಾಭ?" ಅಂತ ಕೇಳಿದರೆ ನಾನು ಮೊದಲು ಅವರ ಒಣ ಹುಲ್ಲಿನ ಮೆದೆ ಎಷ್ಟು ಎತ್ತರ ಇದೆ ಅಂತ ಕೇಳುತ್ತೇನೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

2019ರಲ್ಲಿ ಎಲ್ಲರ ಹಾಗೆ ನಾವೂ ಸೀಮೆ ಹಸುವಿನಿಂದಲೇ ಶುರು ಮಾಡಿದೆವು. ಎಚ್.ಎಫ್. (ಹೋಲ್‌ಸ್ಟೀನ್ ಫ್ರೀಷಿಯನ್) ಮಿಶ್ರತಳಿ, ಎರಡನೇ ಸೂಲು, 62,000 ರೂಪಾಯಿ. ಮಾರಿದವರು 15 ಲೀಟರ್ ಅಂದಿದ್ದರು. ನಮ್ಮ ಮನೆಯಲ್ಲಿ 11 ದಾಟಲಿಲ್ಲ. ಹಾಗಂತ ಅವರು ಸುಳ್ಳು ಹೇಳಿದ್ದರು ಅಂತ ನಾನು ಹೇಳಲ್ಲ. ಅವರ ಮನೆ ಮೇವು ಬೇರೆ, ನಮ್ಮ ಮನೆ ಮೇವು ಬೇರೆ. ಅಂಥ ಹಸುವಿಗೆ ದಿನಕ್ಕೆ 25ರಿಂದ 30 ಕೆಜಿ ಹಸಿ ಮೇವು ಬೇಕು, 5-6 ಕೆಜಿ ಒಣ ಹುಲ್ಲು ಬೇಕು. ಅದರ ಮೈಗೆ ಅಂತ ಒಂದೂವರೆ ಎರಡು ಕೆಜಿ ಫೀಡ್, ಆಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಇನ್ನೊಂದು ಕೆಜಿ. 11 ಲೀಟರಿಗೆ ಸುಮಾರು 6 ಕೆಜಿ ಆಯಿತು. ಡೈರಿಯಿಂದ ಬರೋ ಬಟವಾಡೆಯಲ್ಲಿ ಹೆಚ್ಚುಕಮ್ಮಿ ಅರ್ಧ ಫೀಡ್ ಚೀಲಕ್ಕೇ ಹೋಗುತ್ತಿತ್ತು.

ಅದೂ ಸಹಿಸಬಹುದಿತ್ತು. ನನ್ನನ್ನು ಸೋಲಿಸಿದ್ದು ಹೊತ್ತು. ನಾವು ಒಂದು ಬೆಳೆಗೆ 100 ಮೊಟ್ಟೆ ರೇಷ್ಮೆ ಹುಳು ಮೇಯಿಸುತ್ತೇವೆ. ರೇಷ್ಮೆಯಲ್ಲಿ ಒಂದು ಮೊಟ್ಟೆ ಅಂದರೆ ಒಂದು ಚಿಟ್ಟೆ ಇಟ್ಟ ಅಷ್ಟೂ ಮೊಟ್ಟೆ, ನೂರಾರು ಹುಳು. ಹುಳು ನಾಲ್ಕನೇ ಜ್ವರ, ಅಂದರೆ ಕೊನೇ ಸಲ ಪೊರೆ ಬಿಟ್ಟು ಎದ್ದ ಮೇಲೆ, ಹಣ್ಣಾಗಿ ಗೂಡು ಕಟ್ಟೋಕೆ ಸಿದ್ಧವಾಗುವ ತನಕ ಒಂದು ವಾರ ಇದೆಯಲ್ಲ, ಆ ವಾರ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಇರಲ್ಲ. ಇಡೀ ಬೆಳೆಯ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಆ ವಾರವೇ ತಿನ್ನುತ್ತವೆ. ಬೆಳಗ್ಗೆ ಐದೂವರೆಗೆ ಸೊಪ್ಪು ಕುಯ್ಯಬೇಕು. ಅದೇ ಐದೂವರೆಗೆ ಹಾಲು ಕರೆಯಬೇಕು, ಆರೂವರೆಯೊಳಗೆ ಡೈರಿಗೆ ಹಾಕಬೇಕು. ಡೈರಿಯವರು ಕಾಯಲ್ಲ, ಹುಳುವೂ ಕಾಯಲ್ಲ.

ಹೀಗೇ ಒಂದು ಬೆಳೆಯ ಗಡಿಬಿಡಿಯಲ್ಲಿ ಹಸು ಬೆದೆಗೆ ಬಂದದ್ದು ಗೊತ್ತಾಗಲೇ ಇಲ್ಲ. ಒಮ್ಮೆ ತಪ್ಪಿದರೆ ಮತ್ತೆ 21 ದಿನ ಕಾಯಬೇಕು. ಬೆಳಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮಾರನೇ ಬೆಳಗ್ಗೆ ಗಬ್ಬದ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಕೊಡಿಸಬೇಕು ಅನ್ನೋದು ನನಗೆ ಬಾಯಿಪಾಠ ಇತ್ತು. ನೋಡೋಕೆ ಕಣ್ಣು ಇರಬೇಕಲ್ಲ! ಬೇಸಿಗೆಯಲ್ಲಂತೂ ಈ ಹಸುಗಳ ಬೆದೆ ಮೌನ. ಕೂಗಾಟವೂ ಇಲ್ಲ, ಜಿಗಿದಾಟವೂ ಇಲ್ಲ. ಮೂರು ಸಲ ತಪ್ಪಿತು, ಎರಡು ಸಲ ಗಬ್ಬ ಕಟ್ಟಲಿಲ್ಲ. ಹಾಲು 4 ಲೀಟರಿಗೆ ಇಳಿಯಿತು, ಹೊಟ್ಟೆಯಲ್ಲಿ ಕರುವಿಲ್ಲ. ಫೀಡ್ ಮಾತ್ರ ನಿಲ್ಲಿಸೋ ಹಾಗಿಲ್ಲ. 2021ರ ಮೇ ತಿಂಗಳಲ್ಲಿ 38,000ಕ್ಕೆ ಕೊಟ್ಟುಬಿಟ್ಟೆವು. ಅತ್ತೆ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ.

ಆ ಖಾಲಿ ಕೊಟ್ಟಿಗೆಯಲ್ಲಿ ಕೂತು ಮಗಳ ಹಳೇ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಬರೆದೆ. ಜನವರಿಯಿಂದ ಡಿಸೆಂಬರ್ ತನಕ, ಯಾವ ತಿಂಗಳು ನಮ್ಮ ಮನೆಯಲ್ಲಿ ದುಡ್ಡು ಕೊಡದೆ ಯಾವ ಮೇವು ಸಿಗುತ್ತದೆ ಅಂತ. ಇದನ್ನು ಹಸು ತರೋ ಮೊದಲೇ ಬರೆಯಬೇಕಿತ್ತು. ಗದ್ದೆ ಕುಯ್ಲು ಆದ ಮೇಲೆ ಭತ್ತದ ಹುಲ್ಲಿನ ಒಂದು ಮೆದೆ. ಅತ್ತೆಯ ತವರು ನಾಗಮಂಗಲ ಕಡೆ, ಅಲ್ಲಿಂದ ಒಂದು ಗಾಡಿ ರಾಗಿ ಹುಲ್ಲು. ದನಕ್ಕೆ ಭತ್ತದ ಹುಲ್ಲಿಗಿಂತ ರಾಗಿ ಹುಲ್ಲೇ ಮೇಲು, ಮೈಗೆ ಹಿಡಿಯುತ್ತದೆ. ಪಕ್ಕದ ತೋಟಗಳಲ್ಲಿ ಕಬ್ಬು ಕಡಿಯುವಷ್ಟು ದಿನ ಸೋಗೆ ಪುಕ್ಕಟೆ. ಆದರೆ ಸೋಗೆಯನ್ನೇ ನೆಚ್ಚಿಕೊಂಡರೆ ಮೈಯಲ್ಲಿ ಸುಣ್ಣದ ಅಂಶ ಕಮ್ಮಿಯಾಗುತ್ತದೆ, ಖನಿಜ ಮಿಶ್ರಣ ಕೊಡಬೇಕು. ವರ್ಷಕ್ಕೆ ಐದು ಹುಳು ಬೆಳೆ, ಒಂದೊಂದರಲ್ಲೂ ಹತ್ತು ದಿನ ಹುಳುವಿನ ಹಾಸಿಗೆಯಲ್ಲಿ ಉಳಿದ ಸೊಪ್ಪು, ಕಡ್ಡಿ ರಾಶಿ ರಾಶಿ. ಏಪ್ರಿಲ್, ಮೇ ಎದುರಿಗೆ ಏನೂ ಬರೆಯೋಕೆ ಆಗಲಿಲ್ಲ. ನಾಲೆ ನಿಂತಿರುತ್ತದೆ, ನೇಪಿಯರ್ ಮೇವಿನ ಹುಲ್ಲು ಬಾಡಿರುತ್ತದೆ, ಮೆದೆ ತಳ ಕಾಣುತ್ತಿರುತ್ತದೆ. ಆ ಎರಡು ತಿಂಗಳು ಯಾವ ಪ್ರಾಣಿಯನ್ನು ಸಾಲ ಮಾಡದೆ ಸಾಕಬಹುದೋ ಅದೇ ನಮ್ಮ ಪ್ರಾಣಿ ಅಂತ ತೀರ್ಮಾನ ಮಾಡಿದೆ.

ಆ ಲೆಕ್ಕಕ್ಕೆ ಎಮ್ಮೆ ನಿಲ್ಲಲಿಲ್ಲ. ಮೊಲ ಸಾಕಿ ಅಂದರು ಒಬ್ಬರು. ಮೊಲ ನಮ್ಮೂರಲ್ಲಿ ಯಾರು ತಿಂತಾರೆ, ಸುಮ್ನೆ. ಮೇಕೆ ಮಾತ್ರ ತಂದು ನೋಡಿದೆ, ಎರಡು. ಆಡು ಮುಟ್ಟದ ಸೊಪ್ಪಿಲ್ಲ ಅಂತ ಗಾದೆ ಕೇಳಿದ್ದೆ, ಕಣ್ಣಾರೆ ನೋಡಿರಲಿಲ್ಲ. ಹಗ್ಗ ಬಿಚ್ಚಿಕೊಂಡು ಒಂದು ಮಧ್ಯಾಹ್ನಕ್ಕೆ ಹಿಪ್ಪುನೇರಳೆಯ ಎರಡು ಸಾಲು ಬೋಳು ಮಾಡಿದವು. ಮುಂದಿನ ವಾರ ಪಕ್ಕದವರ ತೆಂಗಿನ ಸಸಿಯ ಸುಳಿ. ರೇಷ್ಮೆ ಮಾಡೋ ಮನೆಯಲ್ಲಿ ಮೇಕೆ ಅಂದರೆ ನಮ್ಮ ಮನೆ ಸೊಪ್ಪಿಗೆ ನಾವೇ ಕಳ್ಳರನ್ನು ಸಾಕಿದ ಹಾಗೆ. ನಾಲ್ಕು ತಿಂಗಳಿಗೆ ಮಾರಿದೆ. ಪಕ್ಕದವರ ಜೊತೆ ಈಗ ಮಾತು ಚೆನ್ನಾಗಿದೆ.

ಕುರಿ ವಿಷಯಕ್ಕೆ ಬರುತ್ತೇನೆ. ಬಂಡೂರು ಅನ್ನೋ ಊರು ನಮ್ಮ ತಾಲ್ಲೂಕಿನದೇ. ಕಣ್ಣೆದುರಿಗೆ ಇದ್ದದ್ದು ಕೊನೆಗೆ ಹೊಳೆಯಿತು ನೋಡಿ. ನಮ್ಮ ಕಡೆ ಹೆಂಗಸರು ಹಿಂದಿನಿಂದಲೂ ಮನೆ ಬಾಗಿಲಲ್ಲಿ ಒಂದೆರಡು ಬಂಡೂರು ಕಟ್ಟಿ ಮೇಯಿಸುತ್ತಾರೆ. ಗಿಡ್ಡ ಕಾಲು, ಕೊಬ್ಬಿದ ಮೈ, ಹೆಚ್ಚು ದೂರ ಅಲೆಯದ ಜಾತಿ. ಕಟ್ಟಿದ ಕಡೆ ತಿಂದುಕೊಂಡು ಇರುತ್ತದೆ. ಹಾಸಿಗೆಯ ಉಳಿಕೆ ಸೊಪ್ಪು ಅಂದರೆ ಅದಕ್ಕೆ ಹಬ್ಬ. ಒಂದು ಎಚ್ಚರಿಕೆ: ಹುಳುವಿನ ಹಾಸಿಗೆಗೆ ಸೋಂಕು ನಿವಾರಕ ಪುಡಿ ಉದುರಿಸಿದ ದಿನದ ಉಳಿಕೆ ನಾನು ಕುರಿಗೆ ಹಾಕಲ್ಲ, ತಿಪ್ಪೆಗೆ ಹಾಕುತ್ತೇನೆ. ಒದ್ದೆ ಸೊಪ್ಪನ್ನೂ ಹಾಗೇ ಹಾಕಲ್ಲ. ಹೊಟ್ಟೆ ಉಬ್ಬರಿಸುತ್ತದೆ.

ತರೋಕೆ ಸಂತೆಗೆ ಹೋಗಲಿಲ್ಲ. ಸಂತೆಯಲ್ಲಿ ಬಿಳಿ ಕುರಿ ಕಂಡರೆಲ್ಲ ಬಂಡೂರು ಅಂತಾರೆ. ಅಸಲಿದೋ ಬೆರಕೆಯೋ ನೋಡೋಕೆ ಅತ್ತೆ ಒಂದು ಉಪಾಯ ಹೇಳಿಕೊಟ್ಟರು: ಹಿಂದೆ ನಿಂತು ನೋಡು. ಎರಡು ಹಿಂಗಾಲಿನ ನಡುವೆ ಬೋರಲು ಹಾಕಿದ ದಬರಿಯ ಬಾಯಿ ಹಾಗೆ ಅಗಲವಾಗಿ ಕಾಣಬೇಕು. ಕಾಲು ಉದ್ದ ಇದ್ದು, ಸಂದು ಕಿರಿದಾಗಿದ್ದರೆ ಬೆರಕೆ. ಬೆನ್ನಿನ ಮೇಲೆ ಕೈಯಿಟ್ಟರೆ ಮೂಳೆ ಚುಚ್ಚಬಾರದು. ಕೊರಳಲ್ಲಿ ಜೋಲುವ ಎರಡು ಮಣಿ ಇದ್ದರೆ ಜನ ಜಾಸ್ತಿ ದುಡ್ಡು ಕೇಳುತ್ತಾರೆ, ಆದರೆ ಅದು ಇಲ್ಲದ ಅಸಲಿ ಕುರಿಯೂ ಇರುತ್ತದೆ. ಮೂರು ಊರು ಸುತ್ತಿ, ಮನೆಯಲ್ಲೇ ಹುಟ್ಟಿಸಿದವರ ಹತ್ತಿರ ಎರಡು ತಾಯಿ ಕುರಿ, ಒಂದು ಹೆಣ್ಣುಮರಿ ತಂದೆ. ಮೂರಕ್ಕೂ ಸೇರಿ 42,000. ಬೇರೆ ಜಾತಿಯಾಗಿದ್ದರೆ ಅಷ್ಟು ದುಡ್ಡಿಗೆ ಐದಾರು ಬರುತ್ತಿದ್ದವು. ಆದರೆ ಐದಾರನ್ನು ಮೇ ತಿಂಗಳಲ್ಲಿ ಮೇಯಿಸೋರು ಯಾರು?

ಟಗರು ಸಾಕಲಿಲ್ಲ. ಎರಡು ಮೂರು ತಾಯಿ ಕುರಿಗೆ ಒಂದು ಟಗರು ದಂಡ. ಊರಲ್ಲಿ ಒಳ್ಳೆ ಟಗರು ಇರೋ ಮನೆಗೆ ಹೊಡೆದುಕೊಂಡು ಹೋಗುತ್ತೇನೆ. ಎರಡು ವರ್ಷಕ್ಕೆ ಟಗರಿನ ಮನೆ ಬದಲಾಯಿಸುತ್ತೇನೆ, ಅಪ್ಪನೇ ಮಗಳಿಗೆ ಟಗರಾಗಬಾರದಲ್ಲ. ಗಬ್ಬ ಐದು ತಿಂಗಳು, ಸಾಮಾನ್ಯವಾಗಿ ಒಂದೇ ಮರಿ. ಹಾಗಾಗಿ ಹಿಂಡು ಬೇಗ ಬೆಳೆಯಲ್ಲ. ಗಂಡುಮರಿ ಮಾರೋದು ಎರಡೇ ಹೊತ್ತಿನಲ್ಲಿ: ಯುಗಾದಿ ಮಾರನೇ ದಿನದ ಹೊಸತೊಡಕಿಗೆ ಮತ್ತು ಪಿತೃಪಕ್ಷಕ್ಕೆ. ಶ್ರಾವಣದಲ್ಲಿ ಮಾರಿದರೆ ಕೇಳೋರಿಲ್ಲ. ಒಂದು ಹೊಸತೊಡಕಿಗೆ ನಮ್ಮ ಬೀದಿಯವರೇ ಹತ್ತು ಮನೆ ಸೇರಿ ನಮ್ಮ ಟಗರುಮರಿ ಕೊಂಡು ಗುಡ್ಡೆ ಬಾಡು ಹಾಕಿಕೊಂಡರು. ದಲ್ಲಾಳಿಯೂ ಇಲ್ಲ, ಗಾಡಿ ಬಾಡಿಗೆಯೂ ಇಲ್ಲ.

ನಷ್ಟವೂ ಆಗಿದೆ. ಮೊದಲ ವರ್ಷ, ಮುಂಗಾರು ಬಿದ್ದು ಬದುವಿನಲ್ಲಿ ಎಳೇ ಹುಲ್ಲು ಎದ್ದಾಗ ಖುಷಿಯಿಂದ ಬಿಟ್ಟು ಮೇಯಿಸಿದೆ. ಎಲ್ಲಕ್ಕಿಂತ ದುಂಡಗಿದ್ದ ಮರಿ ರಾತ್ರಿ ಚೆನ್ನಾಗಿತ್ತು, ಬೆಳಗ್ಗೆ ಸೆಟೆದು ಬಿದ್ದಿತ್ತು. ಪಶು ಆಸ್ಪತ್ರೆ ಡಾಕ್ಟರು ನೋಡಿ ಕರುಳು ಬೇನೆ ಅಂದರು. ಈ ರೋಗ ಸೊರಗಿದ ಮರಿಗಲ್ಲ, ಚೆನ್ನಾಗಿ ತಿನ್ನೋ ಮರಿಗೇ ಜಾಸ್ತಿ ಬರೋದಂತೆ. ಮಳೆಗೆ ಮುಂಚೆಯೇ ಲಸಿಕೆ ಹಾಕಿಸಿದ್ದರೆ ಉಳಿಯುತ್ತಿತ್ತು. ಈಗ ಮೇ ತಿಂಗಳಲ್ಲೇ ಹಾಕಿಸುತ್ತೇನೆ. ಮಳೆಗಾಲದ ಮುಂಚೆ ಒಂದು ಸಲ, ಮುಗಿದ ಮೇಲೆ ಒಂದು ಸಲ ಜಂತುಹುಳಕ್ಕೆ ಔಷಧ. ಎಳೇ ಹುಲ್ಲಿಗೆ ಬಿಡೋ ಮೊದಲು ಒಂದು ಹಿಡಿ ಒಣ ಹುಲ್ಲು ತಿನ್ನಿಸಿಯೇ ಬಿಡೋದು.

ಇನ್ನೊಂದು ಖರ್ಚು ಯಾರೂ ಹೇಳಿರಲಿಲ್ಲ. ನಮ್ಮ ಕಡೆ ಕಬ್ಬಿನ ಗದ್ದೆಯಲ್ಲಿ ಚಿರತೆ ಸೇರಿಕೊಳ್ಳುತ್ತವೆ. ಕಬ್ಬು ಕಡಿದ ಮೇಲೆ ಊರಿನ ಅಂಚಿಗೆ ಬರುತ್ತವೆ. ಒಂದು ಡಿಸೆಂಬರ್ ರಾತ್ರಿ ನಮ್ಮ ನಾಯಿ ಮಾಯ. ಮಾರನೇ ವಾರವೇ ಕುರಿ ಕಟ್ಟೋ ಜಾಗಕ್ಕೆ ನಾಲ್ಕು ಕಡೆ ಮೆಶ್ ಹಾಕಿಸಿದೆವು, ಮೇಲೂ ಮುಚ್ಚಿಸಿದೆವು. ಗೋಡೆ ಎಷ್ಟೇ ಎತ್ತರ ಇರಲಿ, ಮೇಲೆ ತೆರೆದಿದ್ದರೆ ಹಾಕಿಸಿದ್ದೆಲ್ಲ ದಂಡ. 14,000 ಹೋಯಿತು. ಕುರಿ ಸಾಕುತ್ತೇನೆ ಅನ್ನೋರು ಕುರಿಯ ಬೆಲೆ ಜೊತೆಗೆ ಇದನ್ನೂ ಕೂಡಿಸಿಕೊಳ್ಳಿ.

ಕೋಳಿ ಸುಲಭ ಅಂದುಕೊಂಡಿದ್ದೆ. ಮೊದಲು ಗಿರಿರಾಜ ಮರಿ ತಂದೆ. ಬೆಂಗಳೂರಿನ ಹೆಬ್ಬಾಳದಲ್ಲಿ ಬೆಳೆಸಿದ ತಳಿ ಅದು. ಬೇಗ ತೂಕ ಬರುತ್ತದೆ, ನಾಟಿಗಿಂತ ಎರಡರಷ್ಟು ಮೊಟ್ಟೆ ಇಡುತ್ತದೆ. ಆದರೆ ಕಾವು ಕೂರಲ್ಲ, ಮೈ ಭಾರ ಇರೋದರಿಂದ ಹದ್ದು, ನಾಯಿ ಬಂದರೆ ಹಾರಿ ತಪ್ಪಿಸಿಕೊಳ್ಳಲ್ಲ, ಫೀಡ್ ಕೇಳುತ್ತದೆ. ನಾಟಿ ಕೋಳಿ ವರ್ಷಕ್ಕೆ 60-70 ಮೊಟ್ಟೆ ಇಟ್ಟರೆ ಹೆಚ್ಚು. ಆದರೂ ತಿಪ್ಪೆ ಕೆದಕಿಕೊಂಡು ಹೊಟ್ಟೆ ತುಂಬಿಸಿಕೊಳ್ಳುತ್ತದೆ, 21 ದಿನ ಕಾವು ಕೂತು ಮರಿ ತಾನೇ ಮಾಡಿಕೊಳ್ಳುತ್ತದೆ. ಕೈ ಕಮ್ಮಿ ಇರೋ ಮನೆಗೆ ಅದೇ ಸರಿ. ಒಂದೇ ಭಯ ಕೊಕ್ಕರೆ ರೋಗ (ರಾಣಿಖೇತ್). ಬಂದರೆ ವಾರದಲ್ಲಿ ಊರೆಲ್ಲ ಖಾಲಿ. ಲಸಿಕೆ ಬಾಟಲಿ ನಮ್ಮಲ್ಲಿ ಸಿಗೋದು 100 ಕೋಳಿ ಲೆಕ್ಕಕ್ಕೆ, ಕಲಸಿದ ಮೇಲೆ ಹೆಚ್ಚು ಹೊತ್ತು ಇಡೋ ಹಾಗಿಲ್ಲ. ಹನ್ನೆರಡು ಕೋಳಿಗೆ ಯಾರು ತರ್ತಾರೆ? ಅದಕ್ಕೆ ನಾವು ಎಂಟು ಮನೆಯವರು ಸೇರಿ, ಒಂದೇ ಬೆಳಗ್ಗೆ, ಕೋಳಿ ಗೂಡಿಂದ ಬಿಡೋ ಮುಂಚೆ ಹಾಕಿಸಿಬಿಡುತ್ತೇವೆ. ಐಸ್ ತುಂಬಿದ ಫ್ಲಾಸ್ಕ್ ನಮ್ಮ ಮನೆಯದು.

ಇನ್ನು ಹಳ್ಳಿಕಾರ್. ಇದು ನನ್ನ ಲೆಕ್ಕದಲ್ಲಿ ಇರಲಿಲ್ಲ. ಹಸು ಇಲ್ಲದ ಮನೆಯಲ್ಲಿ ಇರಲಾರೆ ಅಂತ ಅತ್ತೆ ತವರಿಂದ ಒಂದು ಕಡಸು ಹೊಡೆಸಿಕೊಂಡು ಬಂದರು. ಉಳುಮೆಗೆ ಹೆಸರಾದ ಜಾತಿ ಅದು, ಹಾಲಿಗಲ್ಲ. ಈಗಲೂ ಹೊತ್ತಿಗೆ ಒಂದು ಲೀಟರ್, ಅದೂ ಕರು ಬಿಟ್ಟರೆ ಮಾತ್ರ ಸೊರ ಬಿಡೋದು. ಮನೆಗೆ ಸಾಕು, ಡೈರಿಗೆ ಇಲ್ಲ. ಡೈರಿಗೆ ಇಲ್ಲ ಅಂದರೆ ಐದೂವರೆಯ ಓಟವೂ ಇಲ್ಲ ಅಂತ ನನಗೆ ಆಮೇಲೆ ಹೊಳೆಯಿತು. ಬೂಸಾ ಒಂದು ಬೊಗಸೆ ಕೊಟ್ಟರೂ ಆಯಿತು. ಮೇಲಾಗಿ ಸಗಣಿ. ನೀರಾವರಿ ಹಿಪ್ಪುನೇರಳೆಗೆ ಎಕರೆಗೆ ವರ್ಷಕ್ಕೆ 8 ಟನ್ ಕೊಟ್ಟಿಗೆ ಗೊಬ್ಬರ ಹಾಕಿ ಅಂತಾರೆ. ನಮ್ಮ 20 ಗುಂಟೆಗೆ 4 ಟನ್. ಮೊದಲು ಅದನ್ನು ಟ್ರ್ಯಾಕ್ಟರ್ ಲೆಕ್ಕದಲ್ಲಿ ಕೊಳ್ಳುತ್ತಿದ್ದೆ. ಈಗ ಹಸುವಿನದು, ಕುರಿ ಹಿಕ್ಕೆ, ಹುಳು ಮನೆ ಕಸ ಎಲ್ಲ ಸೇರಿ ಸುಮಾರಾಗಿ ಹೊಂದುತ್ತದೆ. ಅತ್ತೆಗೆ ಇದನ್ನು ಹೇಳಿದರೆ "ನಾನು ಅದಕ್ಕೇ ತಂದಿದ್ದು" ಅಂತಾರೆ. ಅದಕ್ಕಲ್ಲ, ನನಗೆ ಗೊತ್ತು.

2023ರಲ್ಲಿ ಕೆಆರ್‌ಎಸ್ ತುಂಬಲಿಲ್ಲ. ನಾಲೆ ನಂಬಿದ ಭತ್ತ ಅಷ್ಟಕ್ಕಷ್ಟೇ ಆಯಿತು, ಹುಲ್ಲಿನ ಬೆಲೆ ಏರಿತು. ಸಂಕ್ರಾಂತಿ ಕಳೆದ ಮಾರನೇ ದಿನ ಮೆದೆ ಅಳೆದು ನೋಡಿದೆ. ನಮ್ಮಲ್ಲಿ ಆಗ ಆರು ಕುರಿ ಇದ್ದವು. ಏಪ್ರಿಲ್ ತನಕ ಕಾಯದೆ ಎರಡನ್ನು ಕೊಟ್ಟೆ. ಕಾದು ಕೂತವರು ಎಲ್ಲರೂ ಒಟ್ಟಿಗೆ ಮಾರೋಕೆ ನಿಂತಾಗ ಬೆಲೆ ಬಿದ್ದಿತ್ತು.

ಮೊನ್ನೆ ನಮ್ಮ ಯಜಮಾನರು ನೈಟ್ ಶಿಫ್ಟ್ ಮುಗಿಸಿ ಬಂದು, ಜೊತೆಗೆ ಕೆಲಸ ಮಾಡೋರೊಬ್ಬರು ಒಳ್ಳೆ ಜೆರ್ಸಿ ಹಸು ಮಾರ್ತಿದಾರೆ, ಕಮ್ಮಿಗೆ ಬರುತ್ತದೆ ಅಂದರು. ನಾನು ಏನೂ ಹೇಳದೆ ಅವರನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಮೆದೆ ತೋರಿಸಿದೆ. ಸೊಂಟದ ಮಟ್ಟಕ್ಕೆ ಬಂದಿತ್ತು. ನೋಡಿ, ಒಳಗೆ ಹೋಗಿ ಮಲಗಿಕೊಂಡರು.