ಬಿಪಿ ನೋಡುವ ಮೊದಲು ಕುರ್ಚಿ ತಿರುಗಿಸುತ್ತೇನೆ

ಯುದ್ಧ ಮುಗಿಸಿ ಬಂದ ಮಾಜಿ ಸೈನಿಕರು ನನ್ನ ಹತ್ತಿರ ಮನಸ್ಸಿನ ವಿಷಯಕ್ಕೆ ಬರುವುದಿಲ್ಲ. ಬೆನ್ನುನೋವು, ಬಿಪಿ, ಹೊಟ್ಟೆ ಸರಿಯಿಲ್ಲ, ನಿದ್ದೆಯಿಲ್ಲ ಅಂತ ಬರುತ್ತಾರೆ. ನಾನು ಮನೋವೈದ್ಯನಲ್ಲ, ಸಾಮಾನ್ಯ ವೈದ್ಯ. ಫೈಲಿನಲ್ಲಿ ಪಿಟಿಎಸ್‌ಡಿ (ಭೀಕರ ಅನುಭವದ ಆಘಾತ ಮನಸ್ಸಿನಲ್ಲಿ ಉಳಿದು ಕಾಡುವ ಕಾಯಿಲೆ) ಎಂದು ಬರೆದಿದ್ದರೂ ನಾನು ದೇಹದಿಂದಲೇ ಶುರು ಮಾಡುತ್ತೇನೆ.

ಬಾಗಿಲಿಗೆ ಬೆನ್ನು ಮಾಡಿ ಕೂರಿಸಿದರೆ ಇವರ ಬಿಪಿ ರೀಡಿಂಗ್ ನಂಬುವ ಹಾಗಿಲ್ಲ. ಅದಕ್ಕೇ ಕುರ್ಚಿಯನ್ನು ಗೋಡೆಗೆ ಒರಗಿಸಿ, ಬಾಗಿಲು ಕಾಣುವ ಹಾಗೆ ಇಡುತ್ತೇನೆ. ಪಟ್ಟಿ ಸುತ್ತುವಾಗ, “ಈಗ ತೋಳು ಬಿಗಿಯುತ್ತೆ, ಸಾಕು ಅಂದ್ರೆ ಬಿಡ್ತೀನಿ” ಎನ್ನುತ್ತೇನೆ. ಐದು ನಿಮಿಷ ಸುಮ್ನೆ ಕೂತ ಮೇಲೆಯೇ ಅಳತೆ. ಮನೆಯಲ್ಲೂ ನೋಡಿ ಬರೆದಿಡಲು ಹೇಳುತ್ತೇನೆ. ಅಲ್ಲೂ ಜಾಸ್ತಿಯೇ ಬರುತ್ತಿದ್ದರೆ ಚಿಕಿತ್ಸೆ ಬೇಕೇ ಬೇಕು.

“ಎಲ್ಲಾ ಟೆನ್ಷನ್‌ನಿಂದ” ಅಂತ ಕೈತೊಳೆದುಕೊಳ್ಳುವ ಡಾಕ್ಟರುಗಳನ್ನು ಕಂಡರೆ ನನಗೆ ಸಿಟ್ಟು. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಸೇನೆಯಲ್ಲಿದ್ದ ಅಮೆರಿಕದ ಅವಳಿ ಸಹೋದರರ ಅಧ್ಯಯನವೊಂದು 2013ರಲ್ಲಿ ಬಂತು. ಪಿಟಿಎಸ್‌ಡಿ ಇದ್ದವರಲ್ಲಿ ಹೃದ್ರೋಗ ಎರಡು ಪಟ್ಟಿಗಿಂತ ಜಾಸ್ತಿ ಕಂಡುಬಂದಿತ್ತು. ಸಿಗರೇಟು, ಕುಡಿತ ಎಲ್ಲ ಲೆಕ್ಕಕ್ಕೆ ತೆಗೆದುಕೊಂಡರೂ ವ್ಯತ್ಯಾಸ ಹೋಗಲಿಲ್ಲ. ವರ್ಷಗಟ್ಟಲೆ ಎಚ್ಚರದಲ್ಲೇ ಇರುವ ದೇಹ ಅದು. ಅಡ್ರಿನಲಿನ್ ಏರುತ್ತಲೇ ಇದ್ದರೆ ರಕ್ತನಾಳ ಎಷ್ಟು ದಿನ ತಡೆದೀತು?

ಬಾಯಿ ತೆರೆಸಿ ದವಡೆ ಹಲ್ಲು ನೋಡುತ್ತೇನೆ. ರಾತ್ರಿ ಹಲ್ಲು ಕಡಿಯುವವರದು ಚಪ್ಪಟೆಯಾಗಿ ಸವೆದಿರುತ್ತದೆ. ತಲೆನೋವು, ಕುತ್ತಿಗೆ ನೋವಿಗೆ ಎಷ್ಟೋ ಸಲ ಅಲ್ಲೇ ಸುಳಿವು ಸಿಗುತ್ತದೆ.

ನಾನು ಜಾಸ್ತಿ ಹೊತ್ತು ಕೊಡುವುದು ನಿದ್ದೆಗೆ. ಗೊರಕೆ ಬಗ್ಗೆ ಹೆಂಡತಿಯನ್ನೇ ಕೇಳಬೇಕು, ಅವರಿಗೇ ಗೊತ್ತಿರೋದು ಅಲ್ವಾ? ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಮತ್ತೆ ಮತ್ತೆ ಉಸಿರು ಕಟ್ಟುವುದು, ಇವರಲ್ಲಿ ತುಂಬಾ ಕಾಣುತ್ತದೆ. ಉಸಿರು ಕಟ್ಟಿ ಗಾಬರಿಯಿಂದ ಎದ್ದದ್ದನ್ನೂ ಕೆಟ್ಟ ಕನಸಿನ ಲೆಕ್ಕಕ್ಕೇ ಸೇರಿಸಿಬಿಟ್ಟಿರುತ್ತಾರೆ. ಮಾಸ್ಕ್ ಮೂಲಕ ಗಾಳಿ ಒತ್ತಿ ಉಸಿರಿನ ದಾರಿ ತೆರೆದಿಡುವ ಸಿಪ್ಯಾಪ್ ಯಂತ್ರ ಹಾಕಿಕೊಂಡರೆ ಹಲವರಿಗೆ ಕನಸುಗಳೂ ಕಡಿಮೆಯಾಗುತ್ತವೆ. ಆದರೆ ಮುಖಕ್ಕೆ ಮಾಸ್ಕ್ ಅಂದ ಕೂಡಲೇ ಕೆಲವರು ಬೆವರುತ್ತಾರೆ. ಹಾಗಾಗಿ ಮೊದಲು ಯಂತ್ರ ಆಫ್ ಇರಲಿ, ಹಗಲಲ್ಲಿ ಟಿವಿ ನೋಡುತ್ತಾ ಮಾಸ್ಕನ್ನು ಕೈಯಲ್ಲೇ ಮುಖಕ್ಕೆ ಹಿಡಿದುಕೊಳ್ಳಿ, ಬೇಡ ಅನಿಸಿದರೆ ತೆಗೆಯಿರಿ ಎನ್ನುತ್ತೇನೆ. ಬೆಲ್ಟ್ ಕಟ್ಟುವುದು, ಗಾಳಿ ಬಿಡುವುದು ಆಮೇಲಿನ ಮಾತು. ನಿದ್ದೆ ಮಾತ್ರೆ ಬರೆದುಕೊಡಿ ಅಂತ ಒತ್ತಾಯ ಮಾಡುತ್ತಾರೆ. ಆಪ್ನಿಯಾ ಇದ್ದು, ಜೊತೆಗೆ ಕುಡಿತವೋ ಬಲವಾದ ನೋವಿನ ಮಾತ್ರೆಯೋ ಇದ್ದರೆ ಉಸಿರಿಗೇ ಅಪಾಯ. ಬರೆಯುವುದಿಲ್ಲ.

ನಿದ್ದೆ ಸ್ವಲ್ಪ ದಾರಿಗೆ ಬಂದ ಮೇಲೆ ಮನೋವೈದ್ಯರ ಮಾತು ಎತ್ತುತ್ತೇನೆ. ಮೊದಲ ದಿನವೇ ಎತ್ತಿದರೆ ಬಹಳ ಜನ ಮತ್ತೆ ಈ ಕಡೆ ತಲೆ ಹಾಕುವುದಿಲ್ಲ.